ಗುಂಜಿಯ ಕೊಳಲಿನ ಉಳಿದರ್ಧ

ಬೆಳಗಾವಿಯ ಖಾಸಬಾಗಿನ ಸ್ಟುಡಿಯೋದಲ್ಲಿ ವಿಡಿಯೋ ಜೋಡಿಸುವ ಆಕಾಶನಿಗೆ ಆ ಕೊಳಲಿನ ಧಾಟಿ ಸಿಕ್ಕಿದ್ದು ಹಳೇ ಗ್ರಾಮಾಫೋನ್ ತಟ್ಟೆಯೊಂದರಲ್ಲಿ. ಧಾಟಿ ಅರ್ಧಕ್ಕೇ ನಿಲ್ಲುತ್ತಿತ್ತು. ಆದರೂ ರಾಮತೀರ್ಥ ನಗರದ ಹೊಸ ಯೋಗ ಕೇಂದ್ರದ ವಿಡಿಯೋಗೆ ಅದನ್ನೇ ಹಾಕಿದ್ದ. ಉದ್ಘಾಟನೆ ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಯೋಗ ಕೇಂದ್ರದವರು ಫೋನು ಮಾಡಿ, ಈ ಸಂಗೀತಕ್ಕೆ ಕಾಪಿರೈಟ್ ಇದೆಯೋ ಇಲ್ಲವೋ ಬರೆದು ಕೊಡಿ ಎಂದರು.

ಸ್ಟುಡಿಯೋದಲ್ಲಿ ಎಲ್ಲರೂ ವಕೀಲರಾದರು. ತಟ್ಟೆ ಹಳೆಯದಾದರೆ ಹಾಡು ಊರ ಆಸ್ತಿ ಎಂದಳು ಪ್ರಮಿಳಾ. ಮೊಬೈಲು ಗುರುತು ಹಿಡಿಯಲಿಲ್ಲ ಅಂದಮೇಲೆ ಅದಕ್ಕೆ ಹೆತ್ತವರೇ ಇಲ್ಲ ಎಂದ ಸುಮಿತ. ಮಾಲೀಕ ಹಿದಾಯತುಲ್ಲಾ ಮಾತ್ರ ನಿಜವಾದ ವಕೀಲರನ್ನು ಕೇಳಿ ಬಂದರು.

"ಮಾಡಿದಾಂವ ಸತ್ತು ಅರವತ್ತು ವರ್ಷ ದಾಟಿದ್ರ ಯಾರ ಹಂಗೂ ಇಲ್ಲ. ಇಲ್ಲಂದ್ರ ಮನಿಯವರ ಸಹಿ ಬೇಕು. ತಟ್ಟಿ ಮ್ಯಾಲ 'ಸತ್ಯಪ್ಪ, ಗುಂಜಿ' ಅಂತ ಐತಿ. ಹೋಗಿ ಬಾ. ಬರಿಗೈಲೆ ಬಂದಿ ಅಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ಖಾನಾಪುರ ದಾಟಿದ ಮೇಲೆ ರೈಲು ಡಬ್ಬಿ ಖಾಲಿಯಾಯಿತು. ಗುಂಜಿಯಲ್ಲಿ ಇಳಿದವನು ಆಕಾಶ ಒಬ್ಬನೇ. ರೈಲು ಹೋದೊಡನೆ, ಯಾರೋ ಕಾಡಿನ ಬಾಯಿ ಮುಚ್ಚಿದಂತೆ ಸದ್ದಡಗಿತು. ಆಗ ಕೊಳಲು ಕೇಳಿಸಿತು. ಅದೇ ಧಾಟಿ.

ಬೆಂಚಿನ ಮೇಲೆ ಅರವತ್ತರ ಆಸುಪಾಸಿನ, ರುಮಾಲು ಸುತ್ತಿದ ಮನುಷ್ಯ ಕುಳಿತಿದ್ದ. ಹೆಸರು ಕೇಳಿದರೆ ಸತ್ಯಪ್ಪ ಎಂದ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಎಲ್ಲ ಮನೆಗಳಲ್ಲೂ ಉಂಟು. ಇವನು ಆ ಮೊಮ್ಮಗನೇ ಎಂದು ಆಕಾಶ ಹಿಗ್ಗಿ ಒಪ್ಪಿಗೆಯ ಕಾಗದ ಚಾಚಿದ. ಆತ ಓದದೆಯೇ ಸಹಿ ಹಾಕಿದ.

"ಅರ್ಧಾ ಕೇಳಿ ಹೋಗಬ್ಯಾಡ ತಮ್ಮಾ. ಕುಂದರು, ಉಳಿದದ್ದೂ ಕೇಳು."

ಆಕಾಶ ಫೋನಿನಲ್ಲಿ ಧ್ವನಿ ಹಿಡಿದುಕೊಂಡ. ಏಳು ನಿಮಿಷ. ಅಷ್ಟು ಹೊತ್ತಿನಲ್ಲಿ ಆ ಮನುಷ್ಯ ಒಮ್ಮೆಯೂ ಉಸಿರು ಎಳೆದುಕೊಳ್ಳಲಿಲ್ಲ. ಮೇಲಿನ ಮರದಲ್ಲಿ ಕಾಗೆಗಳು ಸಾವಿನ ಮನೆಗೆ ಬಂದ ನೆಂಟರಂತೆ ತಲೆ ತಗ್ಗಿಸಿ ಕುಳಿತಿದ್ದವು. ಆಕಾಶನ ಬೆನ್ನ ಮೇಲೆ ಇರುವೆ ಹರಿದಂತಾಯಿತು. ಆದರೂ ಕೆಲಸ ಉಳಿಯಿತಲ್ಲ ಎಂದುಕೊಂಡು ಎಲ್ಲವನ್ನೂ ಮಾಲೀಕರಿಗೆ ಕಳಿಸಿಬಿಟ್ಟ. ಆಧಾರ್ ಪ್ರತಿಯೂ ಬೇಕು ಎಂದು ಉತ್ತರ ಬಂತು. ಅದನ್ನು ಕೇಳಿದ್ದಕ್ಕೆ ಆತ ನಕ್ಕು, ಮನೆಯಲ್ಲಿ ವಿಚಾರಿಸು ಎಂದು ದಾರಿ ತೋರಿಸಿದ.

ಮನೆಯಲ್ಲಿದ್ದವಳು ನಿಖಿತಾ, ಬೆಳಗಾವಿಯಲ್ಲಿ ಕಾನೂನು ಓದುವ ಹುಡುಗಿ. ಸಹಿ ನೋಡಿದವಳು ಗೋಡೆಯತ್ತ ಕೈ ಮಾಡಿದಳು. ಮಾಲೆ ಹಾಕಿದ ಫೋಟೋ. ಅದೇ ಮುಖ, ಅದೇ ರುಮಾಲು.

"ಈ ಊರಾಗ ಸತ್ಯಪ್ಪ ಅಂದ್ರ ನಮ್ಮ ಮುತ್ತಜ್ಜ ಒಬ್ಬರ. ತೀರಿ ಅರವತ್ತಾರು ವರ್ಷ ಆತ್ರಿ."

ಆಕಾಶ ಹೊಸ್ತಿಲ ಮೇಲೆ ಕುಸಿದ. ಕುಸಿದಲ್ಲೇ ಇನ್ನೊಂದು ವಿಚಾರ ಹೊಳೆಯಿತು. ಅರವತ್ತು ದಾಟಿದೆ! ಸಹಿ ಹಾಕಿದವನು ದೆವ್ವವಾದರೇನು, ಸಹಿಯೇ ಬೇಕಾಗಿಲ್ಲ. ಬೆವರು ಒರೆಸಿಕೊಳ್ಳುತ್ತ ನಕ್ಕು, ಹಿಡಿದು ತಂದ ಧ್ವನಿಯನ್ನು ಅವಳಿಗೂ ಕೇಳಿಸಿದ.

ನಿಖಿತಾ ಬಿಳಿಚಿಕೊಂಡಳು. ಮುತ್ತಜ್ಜ ಎರಡನೇ ತಟ್ಟೆ ಮಾಡಿಸುವ ಮೊದಲೇ ತೀರಿಕೊಂಡಿದ್ದರು. ಈ ಭಾಗವನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಇದನ್ನು ಬೇರೆ ಯಾರಿಗಾದರೂ ಕೊಟ್ಟಿದ್ದೀರಾ ಎಂದಳು. ಆಕಾಶ ಫೋನು ನೋಡಿದ. ನಾಲ್ಕೂಕಾಲು. ಪೂರ್ತಿ ಧಾಟಿ ಹಾಕಿ ವಿಡಿಯೋವನ್ನು ಯೂಟ್ಯೂಬಿಗೆ ಏರಿಸಿದ್ದಾಗಿ ಮಾಲೀಕರು ಖುಷಿಯಿಂದ ಬರೆದಿದ್ದರು.

"ಸತ್ತವರ ಸಂಗೀತ ಆಮ್ಯಾಲೆ ಮೊದಲನೇ ಸಲ ಹೊರಗ ಬಂದ್ರ, ಬಂದ ವರ್ಷದಿಂದ ಅರವತ್ತು ವರ್ಷ ಎಣಸ್ತಾರ್ರಿ," ಎಂದಳು ನಿಖಿತಾ. "ಮೊದಲಿನ ಅರ್ಧಾ ಎಲ್ಲಾರದು. ಈ ಅರ್ಧಾ ನಮ್ಮ ಮನಿತನದ್ದು. ಅರವತ್ತರ ಎಣಿಕಿ ಇವತ್ತ ನೀವ ಶುರು ಮಾಡಿಕೊಟ್ರಿ."

ಹಾಗಾದರೆ ನೀವಾದರೂ ಸಹಿ ಹಾಕಿ ಎಂದು ಆಕಾಶ ಅಂಗಲಾಚಿದ. ಹಕ್ಕುದಾರರು ಹನ್ನೊಂದು ಮಂದಿ, ಎಲ್ಲರ ಸಹಿಯೂ ಬೇಕು, ಅವರು ಒಬ್ಬರಿಗೊಬ್ಬರು ಮಾತು ಬಿಟ್ಟು ಇಪ್ಪತ್ತು ವರ್ಷವಾಯಿತು ಎಂದಳು ಅವಳು.

ಸಂಜೆಯ ರೈಲಿಗೆಂದು ಆಕಾಶ ಸ್ಟೇಷನ್ನಿಗೆ ಬಂದ. ಬೆಂಚು ಖಾಲಿ ಇತ್ತು. ಅಬ್ಬಾ ಎನ್ನುವಷ್ಟರಲ್ಲಿ ಬೆನ್ನ ಹಿಂದಿನಿಂದಲೇ ದನಿ ಬಂತು.

"ಬಂದ್ಯಾ ತಮ್ಮಾ? ಮೂರನೇ ಭಾಗ ಒಂದು ಉಳದೈತಿ."

ಆಕಾಶ ತಿರುಗಿ ನೋಡಲಿಲ್ಲ. ಎರಡೂ ಕಿವಿಗೆ ಬೆರಳು ತುರುಕಿಕೊಂಡು ಹಳಿಗುಂಟ ಖಾನಾಪುರದ ಕಡೆಗೆ ಓಡತೊಡಗಿದ.