ಗುಳಿಗೆ ಬದಲಿಸಿದವನ ಎತ್ತಿನ ವ್ಯಾಪಾರ

ಒಬ್ಬೊಬ್ಬರಿಗೆ ಒಂದೊಂದು ಚಟ ಇರುತ್ತದೆ. ನಮ್ಮ ಕಚೇರಿಯ ಹೆಡ್‌ಕ್ಲಾರ್ಕರಿಗೆ ನಶ್ಯ, ಎದುರು ಮನೆಯವರಿಗೆ ಇಸ್ಪೀಟು, ನನಗೆ ಚಿಂತೆ. ಉಳಿದ ಚಟಗಳಿಗಿಂತ ಇದು ಎಷ್ಟೋ ಅನುಕೂಲ. ಡಬ್ಬಿ ಬೇಡ, ಜೊತೆಗಾರರು ಬೇಡ, ಹೆಂಡತಿ ಕಸಿದು ಬಚ್ಚಿಡುವ ಭಯವಿಲ್ಲ. ಬಸ್ಸು ಕಾಯುವಾಗ, ಬಚ್ಚಲಲ್ಲಿ ನೀರು ಕಾಯುವವರೆಗೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಎಲ್ಲಿ ಬೇಕಾದರೂ ಮಾಡಬಹುದು. ನಾನಿರುವುದು ಸವದತ್ತಿಯಲ್ಲಿ, ಮಲಪ್ರಭಾ ಕಾಲುವೆಯ ಕಚೇರಿಯಲ್ಲಿ ಗುಮಾಸ್ತ. ನವಿಲುತೀರ್ಥದ ಅಣೆಕಟ್ಟು ತುಂಬದಿದ್ದರೆ ಏನು ಗತಿ ಎಂದು ಬೇಸಿಗೆಯಿಡೀ ಚಿಂತಿಸುತ್ತಿದ್ದೆ. ತುಂಬಿದ ಮೇಲೆ ಒಡೆದರೆ ಏನು ಗತಿ ಎಂದು ಮಳೆಗಾಲವಿಡೀ. ಒಮ್ಮೆ ನಮ್ಮ ಎಂಜಿನಿಯರ ಸಾಹೇಬರು ಕನಿಕರಪಟ್ಟು ನಕಾಶೆ ಬಿಡಿಸಿ ತೋರಿಸಿದರು: ಸವದತ್ತಿ ಕಟ್ಟೆಯ ಹಿಂಬದಿಗಿದೆ, ಒಡೆದರೂ ನೀರು ಆ ಕಡೆ ರಾಮದುರ್ಗಕ್ಕೆ ಹೋಗುತ್ತದೆ, ನಿಮಗೇನೂ ಆಗುವುದಿಲ್ಲ ಎಂದರು. ಆ ದಿನದಿಂದ ನನಗೆ ರಾಮದುರ್ಗದವರ ಚಿಂತೆ ಶುರುವಾಯಿತು.

ಚಟ ಹದದಲ್ಲಿರುವವರೆಗೆ ಅದರಲ್ಲಿ ಒಂದು ಸುಖವಿದೆ. ನನ್ನದು ಹದ ಮೀರಿತು. ಹೇಗೆ ಮೀರಿತೆಂದರೆ, ಚಿಂತಿಸುವುದಕ್ಕೂ ಬೇಸರವಾಗತೊಡಗಿತು. ರೊಟ್ಟಿ ಮುರಿದು ಕೈಯಲ್ಲಿ ಹಿಡಿದವನು ಹಾಗೇ ಕೂತಿರುತ್ತಿದ್ದೆ, ಪಲ್ಯ ಆರಿಹೋಗುತ್ತಿತ್ತು. ಕಟ್ಟೆ ಒಡೆದರೆ ಒಡೆಯಲಿ ಅನ್ನಿಸಿತು. ಇದನ್ನು ಬಾಯಿ ಬಿಟ್ಟು ಹೇಳಿದಾಗಲೇ ನನ್ನ ಹೆಂಡತಿ ಶಾಂತಾ ಹೆದರಿದ್ದು. ಮರುದಿನವೇ ನನ್ನನ್ನು ಬಸ್ಸು ಹತ್ತಿಸಿ ಧಾರವಾಡದ ಡಾಕ್ಟರ ಹತ್ತಿರ ಕರೆದೊಯ್ದಳು. ನಮ್ಮ ಕಡೆ ಒಬ್ಬ ಮನುಷ್ಯ ಮಂಕಾಗಿದ್ದವನು "ಧಾರವಾಡಕ್ಕ ಹೋಗಿ ಬಂದಾನ" ಎಂದರೆ, ಹುಚ್ಚಾಸ್ಪತ್ರೆಯೂ ಅಲ್ಲೇ ಇರುವುದರಿಂದ, ಅವನು ಪೇಢೆ ತರಲು ಹೋಗಿದ್ದ ಎಂದು ಯಾರೂ ತಿಳಿಯುವುದಿಲ್ಲ. ಅದಕ್ಕೇ ಶಾಂತಾ ಪ್ರತಿ ಸಲವೂ ಪೇಢೆ ಕೊಂಡು ತಂದು ಓಣಿಗೆಲ್ಲ ಹಂಚಿ, ತವರಿಗೂ ಕಳಿಸಿದಳು. ನನ್ನ ಕಾಯಿಲೆ ಓಣಿಯ ಮಕ್ಕಳಿಗೆ ಬಹಳ ಹಿಡಿಸಿತು.

ಡಾಕ್ಟರು ಮೊದಲು ಕೊಟ್ಟದ್ದು ಹಳದಿ ಗುಳಿಗೆ. ಅದರಿಂದ ನಿದ್ದೆ ಬಂತು. ಬಂದದ್ದು ಹೋಗಲೇ ಇಲ್ಲ. ಕಚೇರಿಯಲ್ಲಿ ಕಡತ ಬಿಚ್ಚಿದವನು ಕಟ್ಟುವ ಮೊದಲೇ ತೂಕಡಿಸುತ್ತಿದ್ದೆ. ಬಾಯಿ ಎಷ್ಟು ಒಣಗುತ್ತಿತ್ತೆಂದರೆ, ನೀರಾವರಿ ಇಲಾಖೆಯ ನೌಕರನಿಗೆ ಅದು ಶೋಭಿಸುವ ಮಾತಲ್ಲ. ಕೆಲವು ತಿಂಗಳು ನೋಡಿ ಡಾಕ್ಟರು, "ಇದು ನಿಮಗೆ ಒಗ್ಗಲಿಲ್ಲ. ಬೇರೆ ಕೊಡುತ್ತೇನೆ, ಕೆಂಪು ಬಣ್ಣದ್ದು. ಆದರೆ ಹಳೆಯದನ್ನು ಒಮ್ಮೆಲೇ ಬಿಡಬೇಡಿ. ಅರ್ಧ ಮಾಡಿ, ಆಮೇಲೆ ಕಾಲು ಮಾಡಿ, ಆಮೇಲೆ ನಿಲ್ಲಿಸಿ, ಒಂದಷ್ಟು ದಿನ ಬಿಟ್ಟು ಹೊಸದು. ನಡುವೆ ಸ್ವಲ್ಪ ತ್ರಾಸಾಗುತ್ತದೆ, ಹೆದರಬೇಡಿ" ಎಂದರು. ಹೆದರಬೇಡಿ ಎಂಬ ಮಾತನ್ನು ನನಗೆ ಯಾರೂ ಹೇಳಬಾರದು. ಅದನ್ನು ಕೇಳುವವರೆಗೆ ನಾನು ಹೆದರಿರಲಿಲ್ಲ.

ಗುಳಿಗೆಯನ್ನು ಅರ್ಧ ಮಾಡುವುದು ಹೇಳಿದಷ್ಟು ಸುಲಭವಲ್ಲ. ಶಾಂತಾ ಅಡಕೊತ್ತು ತಂದಳು. ಅಡಕೆ ಕತ್ತರಿಸಿ ಪಳಗಿದ ಕೈ. ಕಟ್ ಎಂದ ಕೂಡಲೇ ಅರ್ಧ ಗುಳಿಗೆ ಅವಳ ಮಡಿಲಿಗೆ, ಇನ್ನರ್ಧ ಜೋಳದ ಚೀಲದ ಹಿಂದಕ್ಕೆ. ನಾವಿಬ್ಬರೂ ನೆಲದ ಮೇಲೆ ಮೊಣಕಾಲೂರಿ ಹುಡುಕುತ್ತಿದ್ದಾಗ ಪಕ್ಕದ ಮನೆಯ ನಿಂಗವ್ವ ಬಂದು, "ಏನ ಕಳದೈತ್ರಿ?" ಎಂದು ತಾನೂ ಹುಡುಕಲು ಕೂತಳು. "ಮೂಗಬಟ್ಟ" ಎಂದುಬಿಟ್ಟಳು ಶಾಂತಾ. ಮೂಗುಬಟ್ಟು ಅವಳ ಮೂಗಿನಲ್ಲೇ ಹೊಳೆಯುತ್ತಿತ್ತು. ನಿಂಗವ್ವ ಅದನ್ನು ನೋಡಿದಳು, ನನ್ನನ್ನೂ ನೋಡಿದಳು, ಎದ್ದು ಹೋದಳು.

ಕಾಲು ಗುಳಿಗೆಗೆ ಇಳಿದ ಮೇಲೆ ಡಾಕ್ಟರು ಹೇಳಿದ ತ್ರಾಸು ಮನೆಗೆ ಬಂತು. ಕೈ ಬೆರಳುಗಳಲ್ಲಿ ಸಣ್ಣ ನಡುಕ. ಪಾತ್ರೆ ಬಿದ್ದರೆ ನಾನೂ ಅದರ ಜೊತೆ ಹಾರುತ್ತಿದ್ದೆ. ಕನಸುಗಳಂತೂ ಬಣ್ಣ ಬಣ್ಣದವು: ಒಂದರಲ್ಲಿ ಎಂಜಿನಿಯರ ಸಾಹೇಬರು ಸೀರೆ ಉಟ್ಟು ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದರು. ಎಲ್ಲಕ್ಕಿಂತ ಅವಮಾನದ್ದೆಂದರೆ ಅಳು. ಕಾರಣವೇ ಬೇಕಿರಲಿಲ್ಲ. ಒಂದು ಮಧ್ಯಾಹ್ನ ತಾಟಿನಲ್ಲಿ ಬಿದ್ದ ಬಿಸಿ ರೊಟ್ಟಿ ನೋಡಿದೆ. ಎಷ್ಟು ದುಂಡಗಿದೆಯಲ್ಲಾ ಅನ್ನಿಸಿತು, ಕಣ್ಣಲ್ಲಿ ದಳದಳ ನೀರು.

"ಯಾಕ್ರೀ, ಪಲ್ಯಾಕ್ಕ ಖಾರ ಹೆಚ್ಚಾತೇನು?" ಎಂದಳು ಶಾಂತಾ.

"ಇಲ್ಲ. ರೊಟ್ಟಿ ಬಾಳ ಚಂದ ಐತಿ."

"ಇಪ್ಪತ್ತ ವರ್ಷಾತು ಬಡ್ಯಾಕ ಹತ್ತಿ. ಇವತ್ತ ಕಂಡ್ತೇನ್ರಿ?" ಎಂದಳು. ಆದರೆ ಅವತ್ತು ಒಂದು ರೊಟ್ಟಿ ಹೆಚ್ಚಿಗೆ ಹಾಕಿದಳು.

ಊರಿಗೆಲ್ಲ ನಾವು ಹೇಳಿದ್ದು ಪಿತ್ತ ಎಂದು. ಮುಖ್ಯವಾಗಿ ನನ್ನ ಮಾವನವರಿಗೆ. ಅವರು ಸಂಪಗಾಂವದಲ್ಲಿ ಒಕ್ಕಲುತನ ಮಾಡುವವರು. ಮಗಳನ್ನು ಸರಕಾರಿ ನೌಕರನಿಗೆ ಕೊಟ್ಟಿದ್ದೇನೆ ಎಂದು ಬೈಲಹೊಂಗಲದ ಚಹದಂಗಡಿಗಳಲ್ಲಿ ಹೇಳಿಕೊಂಡು ಬರುವವರು. ಅಳಿಯ ತಲೆಯ ಔಷಧಿ ತಿನ್ನುತ್ತಾನೆ ಎಂದು ಗೊತ್ತಾದರೆ ಅವರು ಆ ಅಂಗಡಿಗಳಿಗೆ ಹೋಗುವುದನ್ನೇ ಬಿಡುತ್ತಾರೆ, ಚಹ ಬಿಟ್ಟರೆ ಅವರಿಗೆ ತಲೆನೋವು ಬರುತ್ತದೆ, ಆ ಪಾಪವೂ ನನಗೇ. ಹೀಗೆ ಸಾಗುತ್ತಿತ್ತು ನನ್ನ ಲೆಕ್ಕ.

ಕಾಲು ಗುಳಿಗೆಯೂ ನಿಂತು, ಕೆಂಪು ಗುಳಿಗೆ ಇನ್ನೂ ಶುರುವಾಗದ ಆ ನಡುವಿನ ದಿನಗಳಲ್ಲೇ ಮಾವನವರು ಬಂದಿಳಿದರು. ಅವರ ಜೋಡಿ ಎತ್ತಿನಲ್ಲಿ ಒಂದಕ್ಕೆ ಕಾಲು ಊನವಾಗಿತ್ತು. ಹಿಂಗಾರಿ ಜೋಳದ ಬಿತ್ತನೆ ಎದುರಿಗೆ. "ಅಳಿಯಾರ, ನಾಳೆ ಬೈಲಹೊಂಗಲದಾಗ ದನದ ಸಂತಿ. ನೀವು ಬರಬೇಕು. ನಿಮ್ಮ ಕೈ ಬೇಕು" ಎಂದರು.

ನನ್ನ ಕೈ ಯಾಕೆ ಬೇಕೆಂದು ಹೇಳಬೇಕು. ನಮ್ಮ ಸಂತೆಯಲ್ಲಿ ಎತ್ತಿನ ದರವನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ದಲಾಲ ಗಿರಾಕಿಯ ಕೈ ಹಿಡಿಯುತ್ತಾನೆ, ಮೇಲೆ ಟವೆಲ್ಲು ಮುಚ್ಚುತ್ತಾನೆ. ಒಂದು ಬೆರಳು ಹಿಡಿದರೆ ಒಂದು ನೂರು, ಎರಡು ಹಿಡಿದರೆ ಎರಡು, ಐದು ಮೀರಿದರೆ ಮತ್ತೆ ಮೊದಲ ಬೆರಳಿನಿಂದ. ಟವೆಲ್ಲಿನ ಕೆಳಗೆ ಏನು ನಡೆಯಿತೆಂದು ಪಕ್ಕದಲ್ಲಿ ನಿಂತವನಿಗೂ ತಿಳಿಯದು. ಮಾವನವರದು ಮೊದಲು ಹಿಡಿದ ಬೆರಳಿಗೇ ತಲೆಯಾಡಿಸುವ ಸ್ವಭಾವ. ನಾನೋ, ಚಿಂತೆಯ ಮನುಷ್ಯ. ಈ ಬೆರಳು ಬಿಡಲೋ, ಹಿಡಿಯಲೋ, ಎತ್ತಿಗೆ ಹಲ್ಲೆಷ್ಟು, ಸುಳಿ ಎಲ್ಲಿದೆ, ನಾಳೆ ಮಲಗಿಬಿಟ್ಟರೆ ಎಂದು ಯೋಚಿಸುತ್ತ ದಲಾಲನ ಕೈ ಹಿಡಿದು ಬಿಸಿಲಲ್ಲಿ ನಿಂತುಬಿಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ದಲಾಲನಿಗೆ ಕೈಗಿಂತ ಹೆಚ್ಚಾಗಿ ಜೀವ ಬೆವರಿ, ಒಂದು ಬೆರಳು ತಾನೇ ಬಿಟ್ಟುಕೊಡುತ್ತಿದ್ದ. ಇದನ್ನು ಮಾವನವರು ಜಾಣತನ ಎಂದು ತಿಳಿದಿದ್ದರು. ಜೀವಮಾನದಲ್ಲಿ ನನಗೆ ಸಿಕ್ಕ ಒಂದೇ ಬಿರುದು ಅದು. ಸುಳ್ಳೆಂದು ಹೇಳಲು ಮನಸ್ಸಾಗಿರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಶಾಂತಾಳಿಗೆ ನನ್ನ ಕೈ ಚಾಚಿ ತೋರಿಸಿದೆ. ಗಾಳಿಗೆ ಬೇವಿನೆಲೆ ಆಡಿದ ಹಾಗೆ ಆಡುತ್ತಿತ್ತು. "ಹಳದಿ ಗುಳಗಿ ಇನ್ನೂ ಉಳದಾವಲ್ಲ. ಒಂದ ನುಂಗಿಬಿಟ್ರ ನಾಳೆ ಕೈ ನಿಂದರತೈತಿ" ಎಂದೆ.

ಅವಳು ಡಬ್ಬಿ ತಂದು ನನ್ನ ಮುಂದೆ ಇಟ್ಟಳು. "ನುಂಗ್ರಿ. ಆಮ್ಯಾಲ ಮತ್ತ ಮೊದಲಿಂದ ಅರ್ಧಾ, ಕಾಲು, ಚೀಲದ ಹಿಂದ ಹುಡುಕೂದು, ರೊಟ್ಟಿ ನೋಡಿ ಅಳೂದು. ನಿಮ್ಮ ಖುಷಿ."

"ಮಾವನವರ ಮುಂದ ಮಾನ ಹೋಗತೈತಿ."

"ನಮ್ಮಪ್ಪಗ ಎತ್ತ ಬೇಕಾಗೇತಿ. ನಿಮ್ಮ ಮಾನ ಕಟಗೊಂಡು ಅಂವ ಏನ ಬಿತ್ತತಾನ?" ಎಂದು ಒಲೆಯ ಕಡೆ ತಿರುಗಿದಳು. ನಾನು ಡಬ್ಬಿಯನ್ನು ಬಹಳ ಹೊತ್ತು ನೋಡಿದೆ. ಕೊನೆಗೆ ಅದನ್ನು ಅವಳ ಕೈಗೇ ಕೊಟ್ಟು, ಎಲ್ಲಿಡುತ್ತೀಯೆಂದು ನನಗೆ ಹೇಳಬೇಡ ಎಂದೆ.

ಬೆಳಗಿನ ಬಸ್ಸಿನಲ್ಲಿ ಮುರಗೋಡ ದಾಟುವವರೆಗೆ ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿ ಕೂತಿದ್ದೆ. ಚಳಿಯೇ ಎಂದು ಮಾವನವರು ಕೇಳಿದರು. ಪಿತ್ತ ಎಂದೆ.

ಸಂತೆಯಲ್ಲಿ ಮಾವನವರ ಕಣ್ಣಿಗೆ ಒಂದು ಬಿಳಿ ಎತ್ತು ಬಿತ್ತು. ರಾಮದುರ್ಗದ ಕಡೆಯ ರೈತನೊಬ್ಬನದು. ದಲಾಲಿಗೆ ನಿಂತವನು ದಸ್ತಗೀರಸಾಬ, ನನ್ನ ಹಳೆಯ ಎದುರಾಳಿ. ನನ್ನನ್ನು ಕಂಡು, "ಬಂದ್ರಪಾ ಸಾಹೇಬ್ರು! ಮಧ್ಯಾಹ್ನದ ರೊಟ್ಟಿ ಇಲ್ಲೇ ತರಿಸಿಬಿಡತೇನಿ" ಎಂದು ಸುತ್ತಲಿನವರನ್ನು ನಗಿಸಿ, ಹೆಗಲ ಟವೆಲ್ಲು ಎಳೆದು ನನ್ನ ಕೈ ಹಿಡಿದ.

ಅವನು ರೈತನ ದರವನ್ನು ಬೆರಳಲ್ಲೇ ಹೇಳಿ ಮುಗಿಸಿದ. ಈಗ ನಾನು ಬೆರಳು ಹಿಡಿಯಬೇಕು. ಹಿಡಿದೆ. ಆದರೆ ನನ್ನ ಬೆರಳುಗಳು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಿಡಿಯುತ್ತಿದ್ದವು, ಜಾರುತ್ತಿದ್ದವು, ಮತ್ತೆ ಹಿಡಿಯುತ್ತಿದ್ದವು. ದಸ್ತಗೀರಸಾಬ ಮೊದಲು ಹುಬ್ಬೇರಿಸಿದ. ಆಮೇಲೆ ಕಿವಿಯ ಹತ್ತಿರ ಬಂದ. "ಸಾಹೇಬ್ರ, ಇದು ಆರೋ, ಎಂಟೋ?"

"ಆರು."

"ಈಗ ಒಂಬತ್ತ ಆತಲ್ರಿ!"

"ಇಲ್ಲ, ಅದು ಹಂಗಽ ಆಗತೈತಿ."

"ಹಂಗಽ ಆದ್ರ ವ್ಯಾಪಾರ ಹೆಂಗ್ರಿ? ಪೋಸ್ಟಿನಾಗ ತಾರು ಹೊಡದಂಗ ಟಕಟಕ ಹೊಡ್ಯಾಕ ಹತ್ತೀರಿ!" ಎಂದು ಅವನು ಗಟ್ಟಿಯಾಗಿಯೇ ಅಂದ. ಜನ ತಿರುಗಿದರು. ಆ ಎತ್ತೂ ತಿರುಗಿತು. ಅದರ ಕಣ್ಣು ದೊಡ್ಡದಾಗಿ, ಒದ್ದೆಯಾಗಿ, ಎಲ್ಲವನ್ನೂ ಅರ್ಥ ಮಾಡಿಕೊಂಡ ಹಾಗಿತ್ತು. ಅದೇ ಕೆಲಸ ಕೆಡಿಸಿತು. ಬೈಲಹೊಂಗಲದ ದನದ ಸಂತೆಯ ನಟ್ಟನಡುವೆ, ದಲಾಲನ ಕೈ ಹಿಡಿದುಕೊಂಡು, ನಾನು ಅಳತೊಡಗಿದೆ.

ರಾಮದುರ್ಗದ ರೈತ ಗಾಬರಿಯಾಗಿ, "ಅಳಬ್ಯಾಡ್ರಿ, ಒಂದಿಷ್ಟು ಕಡಿಮಿ ಮಾಡೋಣಂತ" ಎಂದ. "ಬಿಸಲ ಹತ್ತೇತಿ, ನೀರ ಕುಡಸ್ರಿ" ಎಂದನೊಬ್ಬ. "ಮನ್ಯಾಗ ಏನರ ಆಗೇತೇನು?" ಎಂದನಿನ್ನೊಬ್ಬ. ಮಾವನವರು ಬಂದು ನನ್ನ ಭುಜ ಹಿಡಿದರು. "ಅಳಿಯಾರ, ಇದೆಂಥಾ ಪಿತ್ತ?"

ಅವರ ಮುಖದಲ್ಲಿದ್ದ ಹೆದರಿಕೆ ನೋಡಿದೆ. ಸುಳ್ಳು ಮುಂದುವರಿಸುವುದಕ್ಕೂ ಒಂದು ತ್ರಾಣ ಬೇಕಲ್ಲ, ಅದು ಮುಗಿದುಹೋಗಿತ್ತು. "ಪಿತ್ತ ಅಲ್ರಿ, ಮಾವಾರ. ಮನಸ್ಸಿಗೆ ಗುಳಗಿ ತಗೊಳ್ಳಾಕ ಹತ್ತೇನಿ. ಧಾರವಾಡದ ಡಾಕ್ಟರು. ಹಳೇ ಗುಳಗಿ ಬಿಡಿಸ್ಯಾರ, ಹೊಸಾದು ಇನ್ನೂ ಕೊಟ್ಟಿಲ್ಲ. ಅದಕ್ಕ ಹಿಂಗ" ಎಂದೆ. ಟವೆಲ್ಲು ಇನ್ನೂ ಕೈಯ ಮೇಲೇ ಇತ್ತು.

ಮಾವನವರು ನನ್ನ ಭುಜದಿಂದ ಕೈ ತೆಗೆದರು. ಆಮೇಲೆ ಆ ಟವೆಲ್ಲನ್ನು ಎಳೆದು ದಸ್ತಗೀರಸಾಬನ ಹೆಗಲಿಗೆ ಹಾಕಿದರು. "ಎಲ್ಲಾನೂ ಬಾಯಿಲೇ ಆತಲ್ಲ, ಇದೂ ಬಾಯಿಲೇ ಆಗಲಿ" ಎಂದು, ಆ ಸಂತೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದರು. ರೈತನ ಕಡೆ ತಿರುಗಿ, ಊರಿಗೆ ಕೇಳುವ ದನಿಯಲ್ಲಿ, "ಆರ ನೂರ ಕೊಡತೇನಿ. ಕೊಡತಿಯೋ ಇಲ್ಲೋ?" ಎಂದರು.

ರೈತನಿಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. ಅಷ್ಟು ಜನರ ಎದುರು ದರಕ್ಕಾಗಿ ಬಾಯಿ ಬಿಡುವ ಅಭ್ಯಾಸ ಅವನಿಗೆಲ್ಲಿ? "ಸಣ್ಣಗ ಮಾತಾಡ್ರಿ ಯಜಮಾನ್ರ" ಎಂದ. ಮಾವನವರು ಇನ್ನೂ ಜೋರಾಗಿ, "ಆರ ನೂರ!" ಎಂದರು. ಅವನು ಅವಸರದಲ್ಲಿ ಹಗ್ಗ ಬಿಚ್ಚಿಕೊಟ್ಟ.

ಎತ್ತು ಹೊಡೆದುಕೊಂಡು ಸಂಪಗಾಂವದ ಹಾದಿ ಹಿಡಿದೆವು. ನಾನು ಹಿಂದೆ, ಅವರು ಮುಂದೆ. ಊರು ದಾಟಿತು. ಆಮೇಲೆ ತಿರುಗದೆಯೇ ಬೈಯಲು ಶುರುಮಾಡಿದರು. "ಎತ್ತಿನ ಕಾಲ ಊನಾದ್ರ ನಾ ಸವದತ್ತಿ ತನಕಾ ಬಂದ ನಿಮಗ ಹೇಳತೇನಿ. ನಿಮಗ ಹಿಂಗಾದ್ರ ನೀವಿಬ್ಬರೂ ಕೂಡಿ ನನಗ ಪೇಢೆ ತಿನಸತೀರಿ. ನಾ ಏನ ಹೊರಗಿನಂವೇನು?" ನನಗೆ ಮತ್ತೆ ಅಳು ಬಂತು. ಅವರು ಕೊರಳ ವಸ್ತ್ರ ಬಿಚ್ಚಿ ಹಿಂದಕ್ಕೆ ಚಾಚಿದರು. "ಅಳ್ರಿ. ಆದ್ರ ನಡಕೋತ ಅಳ್ರಿ. ಹೊತ್ತ ಮುಳಗತೈತಿ."

ಕೆಂಪು ಗುಳಿಗೆ ನನಗೆ ಒಗ್ಗಿತು. ಒಂದೆರಡು ತಿಂಗಳಲ್ಲಿ ಕೈ ನಿಂತಿತು, ನಿದ್ದೆ ತನ್ನ ಹೊತ್ತಿಗೆ ಬಂದು ತನ್ನ ಹೊತ್ತಿಗೆ ಹೋಗತೊಡಗಿತು, ಪಲ್ಯ ಬಿಸಿಯಿರುವಾಗಲೇ ಹೊಟ್ಟೆ ಸೇರಿತು. ತೊಂದರೆ ಒಂದೇ. ಮುಂದಿನ ವರ್ಷ ಮಾವನವರ ಒಂದು ಹೋರಿ ಮಾರಲು ಹೋದೆ. ದಸ್ತಗೀರಸಾಬ ಬೆರಳು ಹಿಡಿದ. ಬೆಳಗಿನ ಗಾಳಿ ಹಿತವಾಗಿತ್ತು. ಪಾಪ, ಕೊಳ್ಳುವವನೂ ಮಕ್ಕಳೊಂದಿಗ ಅನ್ನಿಸಿತು. ತಲೆಯಾಡಿಸಿಬಿಟ್ಟೆ. ಚಹ ಬರುವ ಮೊದಲೇ ವ್ಯಾಪಾರ ಮುಗಿದಿತ್ತು. ದರ ಕೇಳಿ ಮಾವನವರು ಬಹಳ ಹೊತ್ತು ಮೀಸೆ ಸವರಿಕೊಂಡರು. ಆಮೇಲೆ ಮೆತ್ತಗೆ, "ಅಳಿಯಾರ, ಸಂತಿ ಹಿಂದಿನ ನಾಕ ದಿನಾ ಆ ಗುಳಗಿ ಬಿಟ್ರ ನಡೀತೈತೇನು, ಡಾಕ್ಟರಿಗೆ ಕೇಳಿ ನೋಡ್ರಿ" ಎಂದರು.

ನಾನು ನಿಜವಾಗಿಯೂ ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ನಕ್ಕು, ಕಣ್ಣೊರೆಸಿಕೊಂಡು, ಖಂಡಿತ ಕೂಡದು ಎಂದರು. ಮಾವನವರು ಸೋಲುವವರಲ್ಲ. ಬೀಗರಿಗೋ ಅಣ್ಣತಮ್ಮಂದಿರಿಗೋ ಏನಾದರೂ ಅಗ್ಗಕ್ಕೆ ಕೊಡಬೇಕಾಗಿ ಬಂದು, ಅದನ್ನು ತಾವಾಗಿ ಹೇಳಲು ಸಂಕೋಚವಾದಾಗ ಈಗ ನನಗೆ ಹೇಳಿಕಳಿಸುತ್ತಾರೆ. ಗುಣವಾದ ಮನುಷ್ಯನಿಗೂ ಹೀಗೊಂದು ಉದ್ಯೋಗ ದೊರೆಯಿತು. ಹೋದ ಸಂತೆಯಲ್ಲಿ ದಸ್ತಗೀರಸಾಬ ಟವೆಲ್ಲು ಮುಚ್ಚಿ ನನ್ನ ಕೈ ಅಮುಕಿ ನೋಡಿ, "ಆಹಾ, ಸಾಹೇಬ್ರ ಕೈ ಇವತ್ತ ಬಂಡೆಗಲ್ಲ ನಿಂತಂಗ ನಿಂತೈತಿ" ಎಂದು ನಕ್ಕ. ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನೂ ನಕ್ಕುಬಿಟ್ಟೆ. ಅಷ್ಟರಲ್ಲಿ ದರದಲ್ಲಿ ಇನ್ನೊಂದು ಬೆರಳು ಹೋಗಿತ್ತು.