ಹುಷಾರಪ್ಪನ ಸೈರನ್

ಎಲ್ಲಕ್ಕೂ ಮೂಲ ಅವನ ಗಂಟಲು. ಹಿಂದಿನ ಸಲ ಹೊಳೆ ಉಕ್ಕಿದಾಗ ಮೊದಲು ಕಂಡವನು ಅವನೇ, ನೀರು ಬಂತು ಎಂದು ಬೀದಿಯುದ್ದಕ್ಕೂ ಕೂಗುತ್ತ ಓಡಿದವನೂ ಅವನೇ. ಆದರೆ ಅವನ ದನಿ ತೂತು ಬಿದ್ದ ಪೀಪಿಯಂಥದ್ದು. ಒಂದು ಬಾಗಿಲೂ ತೆರೆಯಲಿಲ್ಲ. ಕೊನೆಗೆ ಪಕ್ಕದ ಮನೆಯ ಅಜ್ಜಿಯನ್ನು ಅವನೇ ಸೊಂಟದುದ್ದ ನೀರಿನಲ್ಲಿ ಮಂಚದ ಸಮೇತ ಹೊತ್ತು ತರಬೇಕಾಯಿತು.

ಅಂದಿನಿಂದ ಅವನ ಮನೆಯ ಬಾಗಿಲ ಪಕ್ಕದ ಗೂಟಕ್ಕೆ ಒಂದು ತುರ್ತು ಚೀಲ ಬಂತು. ಟಾರ್ಚು, ಹಗ್ಗ, ಔಷಧಿ ಡಬ್ಬಿ ಎಲ್ಲ ಅದರಲ್ಲಿ. ಊರವರು ಅವನಿಗೆ ಹುಷಾರಪ್ಪ ಎಂದು ಹೆಸರಿಟ್ಟರು.

ಒಂದು ಬೆಳಿಗ್ಗೆ ಜೀಪೊಂದು ಮೈಕಿನಲ್ಲಿ ಸಾರಿಕೊಂಡು ಹೋಯಿತು. ಸಂಜೆ ಅಣಕು ಪ್ರವಾಹ. ಶಾಲೆಯ ಗಂಟೆ ಹೊಡೆದೊಡನೆ ಎಲ್ಲರೂ ತಂತಮ್ಮ ಸಾಮಾನಿನೊಂದಿಗೆ ದಿಬ್ಬ ಹತ್ತಬೇಕು. ಚೆನ್ನಾಗಿ ಸಿದ್ಧವಾಗಿರುವ ಮನೆಗೆ ಕೈಯಿಂದ ತಿರುಗಿಸುವ ಸೈರನ್ನನ್ನು ಒಪ್ಪಿಸಲಾಗುವುದು.

“ಊರೆಲ್ಲ ಅಣಕಿಸೋದು ಸಾಲದು ಅಂತ ಈಗ ಹೊಳೇನೂ ಶುರು ಮಾಡ್ತಾ?” ಎಂದ ಹುಷಾರಪ್ಪ. ಆದರೆ ಸೈರನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎಣಿಸಿ ನೋಡಲೆಂದು ಕೆಳಗೆ ಸುರಿದಿದ್ದ ಸಾಮಾನನ್ನು ಮತ್ತೆ ಚೀಲಕ್ಕೆ ತುಂಬತೊಡಗಿದ. ಅದೊಂದು ಕೈಗೆ ಬಂದರೆ ಇನ್ನು ಯಾರಿಗೂ ಕೇಳಿಸಲಿಲ್ಲ ಎನ್ನುವ ನೆವವಿರದು.

ಅಷ್ಟರಲ್ಲಿ ಹಾಲಿನವನು ಏದುಸಿರು ಬಿಡುತ್ತ ಬಂದ. ಕರು ಮೋರಿಗೆ ಬಿದ್ದಿದೆ, ಹಗ್ಗ ಬೇಕು.

“ಇದು ತುರ್ತಿಗೆ ಅಂತ ಇಟ್ಟಿರೋದು ಕಣಯ್ಯ.”

“ಮತ್ತೆ ನನ್ ಕರು ಏನು ಜಳಕಕ್ಕೆ ಇಳಿದಿದೆಯಾ ಅಣ್ಣ?”

ಹಗ್ಗ ಹೋಯಿತು. ಪಕ್ಕದ ಮನೆಯ ಸೊಸೆ ಬಂದಳು. ಮೇವಿನ ಬಣವೆಯ ಸಂದಿಯಲ್ಲಿ ಏನೋ ಬುಸುಗುಟ್ಟುತ್ತಿದೆಯಂತೆ, ಟಾರ್ಚು ಬೇಕು. ಅವಳ ಬೆನ್ನಿಗೇ ಬಡಗಿ, ಬೆರಳಿಗೆ ಉಳಿ ಬಡಿದುಕೊಂಡು ರಕ್ತ ಸುರಿಸುತ್ತ ಬಂದ. ಹುಷಾರಪ್ಪ ತಾನೇ ಪಟ್ಟಿ ಕಟ್ಟಿ, ನಾಳೆಗೂ ಇರಲಿ ಎಂದು ಡಬ್ಬಿಯನ್ನೇ ಕೊಟ್ಟು ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಚೀಲ ಉಪವಾಸವಿದ್ದವನ ಹೊಟ್ಟೆಯಂತೆ ಬೆನ್ನಿಗಂಟಿತ್ತು. ಸಾಮಾನು ವಾಪಸು ಕೇಳೋಣವೆಂದು ಹೊರಟವನು ಕರು ಇನ್ನೂ ಮೋರಿಯಲ್ಲೇ ಇದ್ದದ್ದನ್ನು ಕಂಡು, ತಾನೂ ಹಗ್ಗ ಜಗ್ಗಲು ನಿಂತ.

ಕರು ಮೇಲೆ ಬಂದ ಖುಷಿಯಲ್ಲಿ ಹಗ್ಗ ಕೇಳುವುದನ್ನೇ ಮರೆತು, ಮೈಯೆಲ್ಲ ಕೆಸರು ಮಾಡಿಕೊಂಡು ಸಂಜೆ ಮನೆಗೆ ಬಂದಾಗ ಗಂಟೆ ಹೊಡೆಯಿತು. ಬೇರೆ ದಾರಿ ಕಾಣದೆ ಚೀಲಕ್ಕೆ ದಿಂಬೊಂದನ್ನು ತುರುಕಿ ದಿಬ್ಬಕ್ಕೆ ಓಡಿದ.

ಅಲ್ಲಿ ಸೊಸೆ ಟಾರ್ಚು ಹಿಡಿದು ನಿಂತಿದ್ದಳು, ಹಾಲಿನವನು ಹಗ್ಗ ಸುತ್ತಿಕೊಂಡಿದ್ದ, ಬಡಗಿಯ ಕಂಕುಳಲ್ಲಿ ಔಷಧಿ ಡಬ್ಬಿ. ತಪಾಸಣೆಗೆಂದು ಜೀಪಿನಲ್ಲಿ ಬಂದಿದ್ದ ಸಾಹೇಬರು ಎಲ್ಲರಿಗೂ ಭೇಷ್ ಎನ್ನುತ್ತ ಬಂದು ಹುಷಾರಪ್ಪನ ಚೀಲದಿಂದ ದಿಂಬನ್ನು ಹೊರಗೆಳೆದರು.

“ನೀರು ಬಂದಾಗ ಮಲಗೋ ಏರ್ಪಾಡಾ?”

ಊರು ಗೊಳ್ಳೆಂದಿತು. ಹುಷಾರಪ್ಪ ತನ್ನ ಕೆಸರುಗಾಲನ್ನು ನೋಡುತ್ತ ನಿಂತ. ಆಗ ಸೊಸೆಯ ಕೈ ಹಿಡಿದು ನಿಂತಿದ್ದ ಅಜ್ಜಿ ಮುಂದೆ ಬಂದಳು.

“ಆ ಟಾರ್ಚು ಅವನದೇ ಸ್ವಾಮಿ. ಹಗ್ಗಾನೂ ಅವನದೇ. ಹೋದ ಸಲ ನಾನು ಬದುಕಿದ್ದೂ ಅವನಿಂದಲೇ.”

ಹಾಲಿನವನು ತಲೆ ಕೆರೆದುಕೊಂಡು ಹೌದೆಂದ. ಬಡಗಿ ಪಟ್ಟಿ ಕಟ್ಟಿದ ಬೆರಳನ್ನೇ ಎತ್ತಿ ಸಾಕ್ಷಿ ಹೇಳಿದ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಸೈರನ್ನನ್ನು ಹುಷಾರಪ್ಪನ ಕೈಗಿತ್ತರು.

ಅವನು ಅದನ್ನು ಕೂಸಿನಂತೆ ಎತ್ತಿಕೊಂಡು ಬಂದು ಮನೆ ಮುಂದಿನ ಕಟ್ಟೆಯ ಮೇಲಿಟ್ಟ. ಕಾಲು ತೊಳೆದು ಇನ್ನೂ ಕುಳಿತಿರಲಿಲ್ಲ, ಹಾಲಿನವನು ಮತ್ತೆ ಬಾಗಿಲಲ್ಲಿ.

“ಅಣ್ಣ, ಜೋಳಕ್ಕೆ ಹಕ್ಕಿ ಹಿಂಡು ಬಿದ್ದಿದೆ. ತುರ್ತು.”

ಬೇಡ ಎನ್ನಲು ಹುಷಾರಪ್ಪ ಬಾಯಿ ತೆರೆದ. ಹಾಲಿನವನು ಸೈರನ್ ಹೊತ್ತುಕೊಂಡು ಆಗಲೇ ಬೀದಿ ದಾಟಿದ್ದ.

ಸ್ವಲ್ಪ ಹೊತ್ತಿಗೆ ಹೊಲದ ಕಡೆಯಿಂದ ಸೈರನ್ ಊರು ನಡುಗುವಂತೆ ಊಳಿಟ್ಟಿತು. ಪಕ್ಕದ ಜಗುಲಿಯಲ್ಲಿ ಅಜ್ಜಿ ಗಾಬರಿಯಿಂದ ಎದ್ದು ನಿಂತಳು. ಒಳಗಿನಿಂದ ಸೊಸೆಯ ದನಿ ಕೇಳಿತು.

“ಕೂತ್ಕೊಳ್ಳಿ ಅತ್ತೆ. ಅದು ಕೂಗಿದ್ರೆ ಹಕ್ಕಿ ಓಡಿಸ್ತಿದಾರೆ ಅಂತ. ಇನ್ನು ದಿನಾ ಕೇಳುತ್ತೆ, ಎದ್ದೇಳಬೇಡಿ.”

ಹುಷಾರಪ್ಪ ತಲೆ ಮೇಲೆ ಕೈ ಹೊತ್ತು ಕುಳಿತ. ಹೆಂಡತಿ ಉಪ್ಪು ಹಾಕಿದ ಬಿಸಿನೀರಿನ ಲೋಟ ತಂದು ಮುಂದಿಟ್ಟಳು.

“ಬಾಯಿ ಮುಕ್ಕಳಿಸಿ. ಗಂಟಲನ್ನಾದ್ರೂ ಸಿದ್ಧವಾಗಿಟ್ಕೊಳ್ಳಿ. ಅದನ್ನ ಮಾತ್ರ ಈ ಊರಲ್ಲಿ ಯಾರೂ ಕೇಳಲ್ಲ.”