ಕಲ್ಯಾಣದುರ್ಗದ ಧೂಳು, ಆಕಾಶದ ಧೂಳು

ಒಂದೆಡೆ ಸುಮ್ಮನೆ ಕೂರುವುದೂ ಒಂದು ವಿದ್ಯೆ ಎಂದು ಚಿಕ್ಕಂದಿನಲ್ಲಿ ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಅದನ್ನು ಪೂರ್ತಿ ಕೇಳಿಸಿಕೊಳ್ಳುವಷ್ಟು ಹೊತ್ತು ನಾನು ಅಲ್ಲಿ ಕೂತಿರುತ್ತಿರಲಿಲ್ಲ ಬಿಡಿ. ಯಾರದೇ ಮದುವೆಗೆ ಹೋದರೂ ಧಾರೆ ಮುಗಿಯುವುದರೊಳಗೆ ಅಡುಗೆಯವರ ಬಳಿಗೆ ಒಮ್ಮೆ, ವಾಲಗದವರ ಬಳಿಗೆ ಒಮ್ಮೆ ಹೋಗಿ ಬಂದಿರುತ್ತೇನೆ. ನನ್ನದೇ ಮದುವೆಯಲ್ಲಿ ಪುರೋಹಿತರು ಮಂತ್ರದ ನಡುವೆ 'ಸ್ವಲ್ಪ ಕೂತ್ಕಳ್ರೀ' ಎಂದು ಸೇರಿಸಿದ್ದನ್ನು ನನ್ನ ಹೆಂಡತಿ ಶಾರದ ಇಂದಿಗೂ ಮರೆತಿಲ್ಲ. ಕ್ಷೌರದಂಗಡಿಯವನು ನನ್ನನ್ನು ಕಂಡರೆ ಕತ್ತರಿ ಹಿಡಿಯುವ ಮುಂಚೆ ಗೋಡೆಯ ಮೇಲಿನ ದೇವರ ಪಟದತ್ತ ನೋಡುತ್ತಾನೆ. ಹಿಂದೂಪುರದ ಡಿಗ್ರಿ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪಾಠ ನಿಂತುಕೊಂಡು ಮಾಡುವ ಕೆಲಸವಾದ್ದರಿಂದ ಹೇಗೋ ನಡೆದುಹೋಗುತ್ತಿದೆ. ಆದರೆ ಪಿಎಚ್‌ಡಿಗೆಂದು ಆರಿಸಿಕೊಂಡದ್ದು ಮಾತ್ರ ನಕ್ಷತ್ರಗಳನ್ನು. ಒಂದು ಚುಕ್ಕಿಯ ಮುಂದೆ ಗಂಟೆಗಟ್ಟಲೆ ಅಲುಗಾಡದೆ ಕೂರಬೇಕಾದ ವಿಷಯ. ಬೇರೆ ವಿಷಯವೇ ಸಿಗಲಿಲ್ಲವೇ ಎಂದು ಶಾರದ ಕೇಳಿದಾಗ ಎದ್ದು ಹೊರಗೆ ಹೋದೆ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಹೆದರಬೇಡಿ, ಪರೀಕ್ಷೆಗೆ ಕೇಳುವುದಿಲ್ಲ. ನಕ್ಷತ್ರಗಳನ್ನು ಅವುಗಳ ಬಿಸಿಯ ಪ್ರಕಾರ ಓ, ಬಿ, ಎ, ಎಫ್, ಜಿ, ಕೆ, ಎಂ ಎಂದು ಗುಂಪು ಮಾಡಿದ್ದಾರೆ. ಓ, ಬಿ ಎಂದರೆ ಬಲು ಬಿಸಿ, ಬಣ್ಣ ನೀಲಿ. ಕೆ, ಎಂ ಎಂದರೆ ಅಷ್ಟೇನೂ ಬಿಸಿಯಲ್ಲ, ಬಣ್ಣ ಕೆಂಪು. ಈ ಅಕ್ಷರಗಳ ಚಟ ಹತ್ತಿದರೆ ಬಿಡುವುದಿಲ್ಲ. ಬಸ್ಸಿನಲ್ಲಿ ಕೂತರೆ ಸೋಮಂದೇಪಲ್ಲಿಯಲ್ಲಿ ಹತ್ತಿದವರನ್ನೆಲ್ಲ ಪೆನುಕೊಂಡ ಬರುವುದರೊಳಗೆ ಗುಂಪು ಮಾಡಿ ಮುಗಿಸಿರುತ್ತೇನೆ. ಒಮ್ಮೆ ಶಾರದ, "ನನ್ನನ್ನು ಯಾವ ಅಕ್ಷರಕ್ಕೆ ಹಾಕಿದ್ದೀರಿ?" ಎಂದಳು. "ಜಿ. ನಮ್ಮ ಸೂರ್ಯನ ಗುಂಪು" ಎಂದೆ. ಮುಖ ಅರಳಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. "ಅಂದರೆ ಸಾಧಾರಣ ಬಿಸಿ, ಸಾಧಾರಣ ಗಾತ್ರ" ಎಂದು ಮುಂದುವರಿಸಿದೆ. ಆ ಸಂಜೆಯ ಕಾಫಿಯಲ್ಲಿ ಸಕ್ಕರೆ ಇರಲಿಲ್ಲ.

ಈ ಗುಂಪುಗಾರಿಕೆಯಲ್ಲಿ ಒಂದು ತೊಡಕಿದೆ. ಬಿಸಿ ನೀಲಿ ನಕ್ಷತ್ರವೂ ದೊಡ್ಡ ಧೂಳಿನ ಮೋಡದ ಹಿಂದೆ ನಿಂತರೆ ನಮಗೆ ಕೆಂಪಗೇ ಕಾಣುತ್ತದೆ. ಹಾಗಾದರೆ ಅದು ಹುಟ್ಟಾ ಕೆಂಪೋ, ಧೂಳು ಮೆತ್ತಿದ ಕೆಂಪೋ? ಅದಕ್ಕೊಂದು ಉಪಾಯವಿದೆ. ನಕ್ಷತ್ರದಿಂದ ಹೊರಟ ಬೆಳಕು ಸುತ್ತಲೂ ಎಲ್ಲ ದಿಕ್ಕಿಗೂ ಅಲುಗಾಡುತ್ತ ಬರುತ್ತದೆ, ನನ್ನ ಹಾಗೆಯೇ. ಧೂಳಿನ ನಡುವೆ ನುಸುಳಿ ಬಂದರೆ ಅದರಲ್ಲಿ ಸ್ವಲ್ಪ ಪಾಲು ಒಂದೇ ದಿಕ್ಕಿಗೆ ಅಲುಗಾಡುವ ಶಿಸ್ತು ಕಲಿತಿರುತ್ತದೆ. ಇದಕ್ಕೆ ಧ್ರುವೀಕರಣ ಎನ್ನುತ್ತಾರೆ. ದೂರದರ್ಶಕದ ಹಿಂದೆ ಒಂದು ಪೆಟ್ಟಿಗೆ, ಅದರೊಳಗೆ ತಿರುಗುವ ಪೋಲರಾಯ್ಡ್ ಹಾಳೆ, ಅದರ ಹಿಂದೆ ಕ್ಯಾಮೆರಾ. ಹಾಳೆ ತಿರುಗಿಸಿದಂತೆ ಚುಕ್ಕಿಯ ಬೆಳಕು ಹೆಚ್ಚುಕಮ್ಮಿಯಾದರೆ ನಡುವೆ ಧೂಳಿದೆ ಎಂದು ಊಹಿಸಬಹುದು. ನಾನು ಹಿಡಿದ ನಕ್ಷತ್ರದ ಮುಂದೆ ಹಳೆಯ ಪಟ್ಟಿಯೊಂದರಲ್ಲಿ 'ಕೆ' ಎಂದಿತ್ತು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆಯನ್ನು ಅಳಿಸುವುದೇ ನನ್ನ ಪಿಎಚ್‌ಡಿ.

ಹಿಂದೂಪುರದ ದೀಪಗಳ ಬೆಳಕಿನಲ್ಲಿ ಈ ಕೆಲಸ ಆಗುವುದಿಲ್ಲ. ಕಲ್ಯಾಣದುರ್ಗದಲ್ಲಿ, ಊರಂಚಿನಲ್ಲಿರುವ ಶಾರದಳ ತವರಿನ ಮಾಳಿಗೆಯ ಮೇಲೆ ಆಕಾಶ ಚೆನ್ನಾಗಿ ಕಪ್ಪಾಗುತ್ತದೆ. ಆದ್ದರಿಂದ ದೂರದರ್ಶಕವನ್ನೂ ಪೆಟ್ಟಿಗೆಯನ್ನೂ ಅವರ ಮನೆಯ ಅಟ್ಟದ ಮೇಲೇ ಇಟ್ಟು, ಚಳಿಗಾಲದ ಉದ್ದಕ್ಕೂ ಪ್ರತಿ ಶನಿವಾರ ಬಸ್ಸು ಹತ್ತಿ ಅತ್ತೆ ಮನೆಗೆ ಹೋಗತೊಡಗಿದೆ. ಅಳಿಯ ವಾರಾವಾರ ಒಬ್ಬನೇ ಬಂದಿಳಿದರೆ ಬೀದಿಯವರು ಏನೆಂದುಕೊಳ್ಳುತ್ತಾರೆ ಹೇಳಿ. ಗಂಡ ಹೆಂಡಿರಿಗೆ ಜಗಳವೆಂದು ಮೊದಲು ಮಾತಾಯಿತು. ಆ ಮಾತನ್ನು ಅಡಗಿಸಲೆಂದೇ ಅತ್ತೆ ಪ್ರತಿ ಶನಿವಾರ ಹಬ್ಬದ ಅಡುಗೆ ಮಾಡಿ, ಒಬ್ಬಟ್ಟಿನ ವಾಸನೆ ಬೀದಿಗೆ ಹೋಗುವಂತೆ ಬಾಗಿಲು ತೆರೆದಿಡುತ್ತಿದ್ದರು. ನನ್ನ ನಕ್ಷತ್ರವೋ ವಾರದಿಂದ ವಾರಕ್ಕೆ ಪಡುವಣಕ್ಕೆ ಜಾರುತ್ತಿತ್ತು. ಕತ್ತಲಾದ ತಕ್ಷಣ ಹಿಡಿಯಬೇಕು, ಅದೇ ಹೊತ್ತಿಗೆ ಎಲೆ ಹಾಕುತ್ತಿದ್ದರು. "ಇನ್ನೊಂದು ಹಾಕ್ಸ್ಕಳಿ ಅಳಿಯಂದ್ರೇ, ನಿಮ್ ಚುಕ್ಕಿ ಎಲ್ಲಿಗೋಯ್ತದೆ?" ಎನ್ನುತ್ತಿದ್ದರು ಅತ್ತೆ. ಅದು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು. ತುಪ್ಪ ಬಿದ್ದ ಎಲೆಯ ಮುಂದೆ ನನ್ನ ಮೊಣಕಾಲು ತಾನಾಗಿಯೇ ಕುಣಿಯುತ್ತಿತ್ತು.

ನಮ್ಮ ಅತ್ತೆಯ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಅವರದು ನೇಯ್ಗೆಯ ಮನೆತನ. ಮಗ್ಗ ಹೋಗಿ ಈಗ ಸೀರೆ ಅಂಗಡಿಯಾಗಿದೆ, ಶಾರದಳ ತಮ್ಮ ನಾಗೇಂದ್ರ ನೋಡಿಕೊಳ್ಳುತ್ತಾನೆ. ಮಗ್ಗದ ಕಾಲದಿಂದಲೂ ಅತ್ತೆಗೆ ಜನ್ಮವೈರಿ ಎಂದರೆ ಕಲ್ಯಾಣದುರ್ಗದ ಕೆಂಧೂಳು. ಒಂದು ಲಾರಿ ಹೋದರೆ ಸಾಕು, ಕೈಯಲ್ಲಿ ಬಟ್ಟೆ ಹಿಡಿದು ಎದ್ದು ನಿಲ್ಲುತ್ತಾರೆ. ಅವರ ಅಸ್ತ್ರ ಅಂಗಡಿಯ ಸೀರೆ ಕವರು, ಆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ಕು. ಟಿವಿ ರಿಮೋಟಿಗೆ ಕವರು, ಗಡಿಯಾರಕ್ಕೆ ಕವರು, ಮಾವನವರ ಕನ್ನಡಕದ ಡಬ್ಬಿಗೆ ಕವರು. ಮಾವ ಹೆಚ್ಚು ಹೊತ್ತು ಅಲ್ಲಾಡದೆ ಕೂರುವುದಿಲ್ಲ, ಅವರಿಗೂ ಹೆದರಿಕೆಯಿದೆ ಎಂದು ನನ್ನ ಅನುಮಾನ.

ಮಾಳಿಗೆಯ ಮೇಲೆ ನನ್ನ ಪಾಡು ಬೇರೆ. ನಾನು ಒಂದು ಹೆಜ್ಜೆ ಇಟ್ಟರೂ ನೆಲ ಅದುರಿ ಚುಕ್ಕಿ ಕುಣಿಯುತ್ತದೆ. ಹಾಗಾಗಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎರಡೂ ಕಾಲನ್ನು ಟವೆಲ್ಲಿನಿಂದ ಕಟ್ಟಿಕೊಂಡು ಕೂತೆ, ನಿಜವಾಗಿ. ಹಲವು ಶನಿವಾರ ಹಾಗೆ ನರಳಿದ ಮೇಲೆ ಅಂಕಿಗಳು ಬಂದವು. ಹಾಳೆ ತಿರುಗಿಸಿದಂತೆ ಬೆಳಕು ಏರಿತು, ಇಳಿಯಿತು, ಮತ್ತೆ ಏರಿತು. ಧ್ರುವೀಕರಣ! ನಡುವೆ ಧೂಳು! ನನ್ನ ಕೆಂಪು ಚುಕ್ಕಿ ಅಸಲಿಗೆ ಬಿಸಿ ನೀಲಿ ನಕ್ಷತ್ರ! ಟವೆಲ್ ಬಿಚ್ಚುವುದನ್ನೂ ಮರೆತು ಎದ್ದು, ಕುರ್ಚಿಯ ಸಮೇತ ಬಿದ್ದೆ. ಬಿದ್ದ ಸದ್ದಿಗೆ ಓಡಿ ಬಂದ ಅತ್ತೆಗೇ ಮೊದಲು ಸುದ್ದಿ ಹೇಳಿದೆ. ಬೆಳಗಾಗುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು: ಅಳಿಯ ಆಕಾಶದಲ್ಲಿ ಧೂಳು ಕಂಡುಹಿಡಿದಿದ್ದಾನೆ. ಎದುರು ಮನೆಯ ಅಜ್ಜಿ ಮಾತ್ರ ಪೊರಕೆ ಹಿಡಿದೇ ತೆಲುಗಿನಲ್ಲಿ, "ದುಮ್ಮು ಚೂಡ್ಡಾನಿಕಿ ಅಂತ ಪೈಕಿ ಎಂದುಕು ಬಾಬೂ? ಮಾ ವಾಕಿಟ್ಲೋ ಚೂಡು" ಎಂದಳು. ಧೂಳು ನೋಡೋಕೆ ಅಷ್ಟು ಮೇಲಕ್ಕೆ ಯಾಕಪ್ಪ, ನಮ್ಮ ಬಾಗಿಲಲ್ಲೇ ಇದೆಯಲ್ಲ ಎಂದು. ಅಸೂಯೆ ಎಂದುಕೊಂಡೆ.

ಇಲ್ಲಿಯವರೆಗೆ ಎಲ್ಲ ನನ್ನೊಬ್ಬನ ತಾಪತ್ರಯವಾಗಿತ್ತು. ಆದರೆ ನಾಗೇಂದ್ರನಿಗೆ ರೊದ್ದಂ ಕಡೆಯ ಹೆಣ್ಣು ಗೊತ್ತಾಗಿತ್ತು. ಕೆಳಗೆ ಇರುವುದು ಎರಡೇ ಕೋಣೆ. ಮಾಳಿಗೆಯ ಮೇಲೊಂದು ರೂಮು ಎಬ್ಬಿಸಿದ ಮೇಲೆಯೇ ಲಗ್ನ ಎಂದು ಹೆಣ್ಣಿನ ಕಡೆಯವರು ಹೇಳಿದ್ದರು. ಇಟ್ಟಿಗೆ ಬಂದು ಬಿದ್ದಿತ್ತು. ನನ್ನ ಸುದ್ದಿ ಕೇಳಿದ ನಾಗೇಂದ್ರ ಮೇಸ್ತ್ರಿಯನ್ನು ವಾಪಸ್ ಕಳಿಸಿಬಿಟ್ಟ. "ನಿಮ್ ಕೆಲ್ಸ ಮುಗೀಲಿ ಭಾವ, ನಂದು ಏನ್ ಅವಸ್ರ" ಎಂದ. ಬಾಯಿಯಲ್ಲಿ ಹಾಗೆಂದರೂ ಮೊಬೈಲಿನಲ್ಲಿ ಹುಡುಗಿಯ ಫೋಟೋ ನೋಡುತ್ತಿದ್ದ. ಕರಗಿಹೋದೆ. ಬೇಡ ಎನ್ನಬೇಕೆಂದು ಬಾಯಿ ತೆರೆದೆ, ಹೊರಟದ್ದು "ಇನ್ನೊಂದು ನಾಲ್ಕು ವಾರ" ಎಂಬ ಮಾತು.

ನನ್ನ ಪಿಎಚ್‌ಡಿ ಗೈಡ್ ಅವರಿಗೆ ಭಾನುವಾರ ಬೆಳಿಗ್ಗೆ ಅತ್ತೆ ಮನೆಯ ಪಡಸಾಲೆಯಲ್ಲೇ ಓಡಾಡುತ್ತ ಫೋನ್ ಮಾಡಿದೆ. ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಧ್ರುವೀಕರಣ ಇಲ್ಲವೇ ಇಲ್ಲವೆಂದು ಎಲ್ಲರೂ ಒಪ್ಪಿದ ಹತ್ತಿರದ ನಕ್ಷತ್ರವೊಂದನ್ನು ಜೊತೆಗೆ ಅಳೆಯಬೇಕು. ತೂಕ ಮಾಡುವ ಮುಂಚೆ ಖಾಲಿ ತಕ್ಕಡಿ ನೋಡಿದ ಹಾಗೆ. ಅದನ್ನು ಅಳೆದಿರಾ ಎಂದು ಅವರು ಕೇಳಿದರು. "ಅಳೆದೆ ಸಾರ್. ಅದರಲ್ಲೂ ಬಂತು. ಅಷ್ಟೇ ಪ್ರಮಾಣ, ಅದೇ ದಿಕ್ಕು. ಆ ನಕ್ಷತ್ರವೂ ಬದಲಾಗಿದೆ ಅನಿಸುತ್ತೆ, ಅದು ನನ್ನ ಎರಡನೇ ಶೋಧನೆ" ಎಂದೆ. ಆ ಕಡೆ ಅವರು ಎರಡು ಸಲ ಕೆಮ್ಮಿದರು. ಸಂತೋಷ ತಡೆಯಲಾಗದೆ ಇರಬೇಕು ಎಂದುಕೊಂಡೆ. "ಪೆಟ್ಟಿಗೆ ಬಿಚ್ಚಿ ನೋಡಿ" ಎಂದು ಹೇಳಿ ಅವರು ಫೋನ್ ಇಟ್ಟರು.

ನನಗೆ ಕೆಂಡಾಮಂಡಲ ಕೋಪ ಬಂತು. ಅವರದೇ ತಪ್ಪೆಂದು ತೋರಿಸಲು ಸ್ಕ್ರೂಡ್ರೈವರ್ ಹಿಡಿದು ಮಾಳಿಗೆ ಹತ್ತಿ, ಬಿಸಿಲಿನಲ್ಲಿ ಪೆಟ್ಟಿಗೆ ಬಿಚ್ಚಿದೆ. ಬೆಳಕು ಒಳಗೆ ಬರುವ ಬಾಯಿಯಲ್ಲಿ, ಸ್ವಲ್ಪ ಒಳಗೆ, ಏನೋ ಮಿಂಚಿತು. ಸೀರೆ ಕವರು. ವೃತ್ತಾಕಾರಕ್ಕೆ ನೀಟಾಗಿ ಕತ್ತರಿಸಿ, ಬೆರಳಿನಿಂದ ಒಳಗೊತ್ತಿ, ಓರೆಯಾಗಿ ಕೂರಿಸಿದ ಒಂದು ತುಂಡು. ಓರೆಯಾಗಿ ನಿಂತ ಗಾಜೋ ಪ್ಲಾಸ್ಟಿಕ್ಕೋ ತನ್ನ ಮೂಲಕ ಹಾದ ಬೆಳಕನ್ನು ಸ್ವಲ್ಪ ಧ್ರುವೀಕರಿಸುತ್ತದೆ. ಇದನ್ನು ಬಿಎಸ್ಸಿ ಹುಡುಗರಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುವವನು ನಾನೇ. ಪ್ರತಿ ಶನಿವಾರ ಊಟ ಮುಗಿಸಿ ಕತ್ತಲಲ್ಲಿ ಓಡಿ ಬಂದು ಪೆಟ್ಟಿಗೆ ಸಿಕ್ಕಿಸುವ ಅವಸರದಲ್ಲಿ ಅದರ ಬಾಯಿಗೆ ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಕಲ್ಯಾಣದುರ್ಗದ ಧೂಳು ಒಳಗೆ ಹೋಗದಂತೆ ಅತ್ತೆ ಹಾಕಿದ ಕವರು, ನಕ್ಷತ್ರಗಳ ನಡುವೆ ಇಲ್ಲದ ಧೂಳನ್ನು ಎಬ್ಬಿಸಿತ್ತು. ನಾಚಿಕೆಯಿಂದ ಕಿವಿಯವರೆಗೆ ಬಿಸಿಯಾಯಿತು, ಓ ಗುಂಪಿಗೆ ಸೇರಿಸಬಹುದಾದಷ್ಟು.

ಕವರನ್ನು ಜೇಬಿಗೆ ಹಾಕಿಕೊಂಡು ಕೆಳಗಿಳಿದರೆ ರೊದ್ದಂನ ಬೀಗರು ಬಂದು ಕೂತಿದ್ದರು. ಎಲೆ ಹಾಕಿಯಾಗಿತ್ತು. ನನ್ನನ್ನು ಹುಡುಗಿಯ ತಂದೆಯ ಪಕ್ಕದಲ್ಲೇ ಕೂರಿಸಿದರು. ಅವರು ಅನ್ನ ಕಲಸುತ್ತ, "ರೂಮು ಆಗೋವರ್ಗೂ ಲಗ್ನಪತ್ರಿಕೆ ಬೇಡ ಕಣಪ್ಪ. ಆಗ್ದಿದ್ರೆ ನಾವು ಬೇರೆ ಕಡೆ ನೋಡ್ಬೇಕಾಯ್ತದೆ" ಎಂದರು. ನಾಗೇಂದ್ರ ತಲೆ ತಗ್ಗಿಸಿ, "ನಮ್ ಭಾವ ದೊಡ್ಡ ಕೆಲ್ಸ ಮಾಡ್ತಾವ್ರೆ, ಅದು ಮುಗೀಲಿ" ಎಂದ. ಅತ್ತೆ ಹೆಮ್ಮೆಯಿಂದ ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದರು. ಸುಮ್ಮನಿದ್ದರೆ ಮಾಳಿಗೆ ನನ್ನದು, ಮರ್ಯಾದೆ ನನ್ನದು. ಒಂದು ಊಟ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಆದರೆ ಕೂರುವ ವಿದ್ಯೆ ನನಗೆಲ್ಲಿ ಬರುತ್ತದೆ? ಜೇಬಿನೊಳಗೆ ಕವರು ಚರಚರ ಎನ್ನುತ್ತಿತ್ತು. ಪಂಕ್ತಿಯ ನಡುವೆ, ಎಂಜಲು ಕೈಯಲ್ಲೇ ಎದ್ದು ನಿಂತೆ. ಎಲ್ಲರ ಕೈ ಎಲೆಯ ಮೇಲೆ ನಿಂತಿತು.

"ಅತ್ತೆ, ನನ್ನ ಪೆಟ್ಟಿಗೆ ಬಾಯಿಗೆ ಕವರ್ ಹಾಕಿದ್ದು ನೀವಾ?"

"ಹೂಂ ಕಣಪ್ಪ, ಅಟ್ಟದ ಮೇಲಿತ್ತಲ್ಲ, ಧೂಳು ಹೋಗ್ಬುಡ್ತದೆ ಅಂತ ಹಾಕ್ದೆ. ಯಾಕೆ, ಹರ್ದೋಯ್ತಾ? ಹೊಸ್ದು ಕೊಡ್ಲಾ?"

ಎಲ್ಲ ಹೇಳಿಬಿಟ್ಟೆ. ಧೂಳಿಲ್ಲ, ಶೋಧನೆಯಿಲ್ಲ, ಆ ಚುಕ್ಕಿ ಕಾಣುವ ಹಾಗೆಯೇ ಸಾದಾ ಕೆಂಪು ಚುಕ್ಕಿ ಇರಬೇಕು, ನಾಳೆಯೇ ಮೇಸ್ತ್ರಿಯನ್ನು ಕರೆಸಿ ಎಂದೆ. ನಾಗೇಂದ್ರನ ಮುಖದಲ್ಲಿ ದುಃಖವೂ ಆನಂದವೂ ಒಟ್ಟಿಗೇ ಬಂದು ಯಾವುದು ಮೊದಲು ಕೂರಬೇಕೆಂದು ತಿಳಿಯದೆ ನಿಂತಿದ್ದವು. ನನಗೆ ಅತ್ತೆಯ ಮುಖ ನೋಡುವ ಧೈರ್ಯವಿರಲಿಲ್ಲ. ಬೀದಿಗೆಲ್ಲ ಹೇಳಿಕೊಂಡಿದ್ದ ಹೆಂಗಸು, ತನ್ನ ಕೈಯಿಂದಲೇ ಕೆಟ್ಟಿತೆಂದು ಕೇಳಬೇಕಾಯಿತಲ್ಲ ಎಂದು ಸಂಕಟವಾಯಿತು.

ಅತ್ತೆ ಸೌಟು ಹಿಡಿದು ಯೋಚಿಸಿದರು. "ಹಂಗಾದ್ರೆ ಆ ಚುಕ್ಕಿಗೂ ನಮಗೂ ಮಧ್ಯೆ ಧೂಳೇ ಇಲ್ವಾ?"

"ಇಲ್ಲ ಅತ್ತೆ."

"ಅಷ್ಟು ದೂರದಿಂದ ಇಲ್ಲೀಗಂಟ?"

"ಇಲ್ಲ."

"ಮತ್ತೆ ಒಳ್ಳೇದೇ ಆಯ್ತಲ್ಲಪ್ಪ!" ಎಂದರು, ಮನಸಾರೆ. "ಕೂತ್ಕಳಿ, ಸಾರು ಆರೋಯ್ತದೆ."

ಸಂಜೆಯೊಳಗೆ ಎದುರು ಮನೆಯ ಅಜ್ಜಿಗೆ ಹೊಸ ಸುದ್ದಿ ತಲುಪಿತ್ತು: ಅಳಿಯ ಮತ್ತೆ ನೋಡಿದಾನಂತೆ, ಮೇಲೆಲ್ಲ ಶುಭ್ರವಾಗಿದೆಯಂತೆ. ಈ ಸಲ ಅಜ್ಜಿ ಆಕಾಶದತ್ತ ಒಮ್ಮೆ ನೋಡಿ, ಪೊರಕೆ ಕೆಳಗಿಟ್ಟು, ನನಗೆ ಕೈ ಮುಗಿದಳು. ಅಂದು ರಾತ್ರಿ ಕವರಿಲ್ಲದೆ ಅಳೆದು ನೋಡಿದೆ. ಹಾಳೆ ಹೇಗೆ ತಿರುಗಿಸಿದರೂ ಬೆಳಕು ಒಂದೇ ಸಮ. ಇಲ್ಲ ಎನ್ನುವುದೂ ಒಂದು ಫಲಿತಾಂಶವೇ, ಬರೆದು ಕೊಡಿ ಎಂದು ಗೈಡ್ ಹೇಳಿದ್ದಾರೆ. ಅದಕ್ಕೆ ಕೂತು ಬರೆಯಬೇಕಾಗುತ್ತದೆ, ಕಷ್ಟ ಅಲ್ಲಿದೆ.

ಮಾಳಿಗೆಯ ಮೇಲೆ ಈಗ ರೂಮು ಎದ್ದಿದೆ. ದೂರದರ್ಶಕ ಹಿಂದೂಪುರದ ನಮ್ಮ ಮನೆಯ ಪಡಸಾಲೆಯಲ್ಲಿದೆ, ಅತ್ತೆಯ ಕೈಯಲ್ಲಿ ತಲೆಯಿಂದ ಕಾಲಿನವರೆಗೆ ಸೀರೆ ಕವರು ಸುತ್ತಿಸಿಕೊಂಡು ಬಸ್ಸಿನಲ್ಲಿ ಬಂದದ್ದು. ಬಿಚ್ಚಿದರೆ ಧೂಳು ಹಿಡಿಯುತ್ತದೆಂದು ಶಾರದ ಬಿಚ್ಚಗೊಡುವುದಿಲ್ಲ, ತಾಯಿಗೆ ತಕ್ಕ ಮಗಳು. ಇಷ್ಟು ಬರೆಯುವುದರಲ್ಲಿ ನಾನು ಎಷ್ಟು ಸಲ ಎದ್ದು ಅದರ ಹತ್ತಿರ ಹೋಗಿ ಬಂದೆನೋ ಲೆಕ್ಕವಿಲ್ಲ. ಬಿಚ್ಚುವುದಕ್ಕಲ್ಲ. ಕವರು ಎಲ್ಲೋ ಒಂದು ಕಡೆ ಓರೆಯಾಗಿದೆ ಅನಿಸುತ್ತದೆ, ನೆಟ್ಟಗೆ ಮಾಡಿ ಬರುತ್ತೇನೆ, ಕೂತ ತಕ್ಷಣ ಮತ್ತೆ ಓರೆಯಾಗಿದೆ ಅನಿಸುತ್ತದೆ.